ಗ್ರಂಥಾಲಯ ಕರ ನಾವೂ ಕಟ್ಟುತ್ತೇವೆ: ಗ್ರಾಮ ಪಂಚಾಯಿತಿಗಳಿಗೆ ಒಂದು ಬಹಿರಂಗ ಪತ್ರ

ರಾಜ್ಯದ ಎಲ್ಲ ಗ್ರಾಮ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರಿಗೆ, ಸದಸ್ಯರಿಗೆ ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ,

ಸಾದರ ವಂದನೆಗಳು.

ನಾನು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಪಾಠ ಮಾಡಿ ನಿವೃತ್ತಳಾದವಳು. ಈಗ ಅರವತ್ತೇಳು ವರ್ಷ. ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ನೆಲೆಸಿದ್ದೇನೆ. ನವಭಾರತ ಸಾಕ್ಷರತಾ ಕಾರ್ಯಕ್ರಮದಡಿ ನಮ್ಮೂರಿನ ಹನ್ನೊಂದು ಮಂದಿಗೆ ಸ್ವಯಂಸೇವಕಿಯಾಗಿ ಓದು ಬರಹ ಕಲಿಸಿದೆ. ಅವರಲ್ಲಿ ಏಳು ಜನ ಅರವತ್ತು ದಾಟಿದವರು. ಆ ಕಲಿಕೆಯ ದಿನಗಳಲ್ಲಿಯೂ ಅದು ಮುಗಿದ ಮೇಲೆಯೂ ನಾನು ಕಣ್ಣಾರೆ ಕಂಡದ್ದನ್ನು ನಿಮ್ಮ ಮುಂದೆ ಇಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಯಾವುದೋ ಒಂದು ಪಂಚಾಯಿತಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ, ಆದ್ದರಿಂದ ಊರಿನ ಹೆಸರನ್ನಾಗಲಿ ಜನರ ಹೆಸರನ್ನಾಗಲಿ ಬರೆದಿಲ್ಲ. ಇಂಥದ್ದು ನಿಮ್ಮೂರಿನಲ್ಲಿಯೂ ನಡೆದಿದೆಯೇ ಎಂದು ನೀವೇ ನೋಡಿಕೊಳ್ಳಬೇಕೆಂದು ಕೋರುತ್ತೇನೆ.

ಡೇರಿಗೆ ಹಾಲು ಹಾಕಿ, ಒಲೆಯ ಮೇಲೆ ಸಾರಿಗೆ ಇಟ್ಟು, ರಾತ್ರಿ ಏಳರ ಹೊತ್ತಿಗೆ ಅವರೆಲ್ಲ ದೇವಸ್ಥಾನದ ಜಗಲಿಗೆ ಬರುತ್ತಿದ್ದರು. ಎಲ್ಲರಿಗಿಂತ ಮುಂಚೆ ಬಂದು ಚಾಪೆ ಹಾಸುತ್ತಿದ್ದವರು ಎಪ್ಪತ್ತೊಂದು ವರ್ಷದ ಒಬ್ಬ ತಾಯಿ. ಅವರನ್ನು ನಾನು ದೊಡ್ಡಮ್ಮ ಎನ್ನುತ್ತೇನೆ, ಅವರು ನನ್ನನ್ನು ಟೀಚರಮ್ಮ ಎನ್ನುತ್ತಾರೆ. ಮೊದಮೊದಲು ಅವರು ಪೆನ್ಸಿಲ್ಲನ್ನು ಕುಡುಗೋಲಿನ ಹಿಡಿಯಂತೆ ಮುಷ್ಟಿಯಲ್ಲಿ ಹಿಡಿಯುತ್ತಿದ್ದರು. ಒತ್ತುವ ರಭಸಕ್ಕೆ ದಿನಕ್ಕೆರಡು ಮೊನೆ ಮುರಿಯುತ್ತಿತ್ತು. ಅದೇ ಕೈ ಬೆಳಗಾಗೆದ್ದು ಅಂಗಳದಲ್ಲಿ ಹದಿನೈದು ಚುಕ್ಕೆಯ ರಂಗೋಲಿಯನ್ನು ಒಂದು ಎಳೆಯೂ ತಪ್ಪದಂತೆ ಬಿಡುತ್ತಿತ್ತು. ಒಂದು ದಿನ ಪುಸ್ತಕ ಪಕ್ಕಕ್ಕಿಟ್ಟು, ರಂಗೋಲಿ ಪುಡಿಯಲ್ಲಿಯೇ ‘ಅ’ ಬರೆಯಿರಿ ಎಂದೆ. ಬರೆದರು. ಎಷ್ಟು ದುಂಡಗೆ ಬರೆದರೆಂದರೆ, ನನ್ನ ಸೇವೆಯುದ್ದಕ್ಕೂ ಕಪ್ಪು ಹಲಗೆಯ ಮೇಲೆ ಅಂಥ ‘ಅ’ ನಾನೇ ಬರೆದಿರಲಿಲ್ಲ.

ದೊಡ್ಡಮ್ಮನಿಗೆ ಅಕ್ಷರ ಹೊಸದಲ್ಲ ಎಂಬುದು ನನಗೆ ತಿಳಿದದ್ದು ತಿಂಗಳು ಕಳೆದ ಮೇಲೆ. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದ ಕಾಲದಲ್ಲಿ, ಊರೂರಿಗೆ ಜಾಥಾ ಬಂದು ಬೀದಿ ನಾಟಕ ಆಡುತ್ತಿದ್ದಾಗ, ಲಾಟೀನಿನ ಬೆಳಕಿನಲ್ಲಿ ಅವರೂ ಕಲಿತಿದ್ದರಂತೆ. ಆಗ ಅವರಿಗೆ ನಲವತ್ತು ಇನ್ನೂ ತುಂಬಿರಲಿಲ್ಲ. ಹೆಸರು ಬರೆಯುವುದು, ಗೋಡೆ ಬರಹ ಓದುವುದು ಬಂದಿತ್ತು. ಆಮೇಲೆ ಆಂದೋಲನ ಮುಗಿಯಿತು, ಕಲಿಸಲು ಬರುತ್ತಿದ್ದ ಹುಡುಗ ಬೆಂಗಳೂರಿಗೆ ಹೋದ, ಮನೆಯಲ್ಲಿ ಓದಲು ಒಂದು ಹಾಳೆಯೂ ಇರಲಿಲ್ಲ. ನಾಲ್ಕೈದು ವರ್ಷದಲ್ಲಿ ಒತ್ತಕ್ಷರಗಳು ಮರೆತವು, ಆಮೇಲೆ ಕಾಗುಣಿತ, ಕೊನೆಗೆ ಹೆಬ್ಬೆಟ್ಟೇ ಗತಿಯಾಯಿತು. ಇದು ಅವರೊಬ್ಬರ ಕಥೆಯಲ್ಲ. ಅಂದು ಸ್ಲೇಟು ಹಿಡಿದ ಎಷ್ಟೋ ತಾಯಂದಿರು ಇಂದು ಅರವತ್ತು, ಎಪ್ಪತ್ತರ ವಯಸ್ಸಿನವರು. ಕಲಿತ ಅಕ್ಷರ ಅವರ ಕೈಬಿಟ್ಟುಹೋದದ್ದು ಬುದ್ಧಿ ಮಂದವಾಗಿ ಅಲ್ಲ, ಕಲಿತ ಮೇಲೆ ಓದಲು ನಾವು ಏನನ್ನೂ ಕೊಡಲಿಲ್ಲ.

ಅಕ್ಷರ ಕಲಿತವರ ಕೈಬಿಡಬಾರದೆಂಬ ತಿಳಿವಳಿಕೆ ಸರ್ಕಾರಕ್ಕೆ ಇರಲಿಲ್ಲವೆಂದು ಹೇಳಲಾರೆ. 2009ರಲ್ಲಿ ಸಾಕ್ಷರ ಭಾರತ ಕಾರ್ಯಕ್ರಮ ಆರಂಭವಾದಾಗ ಗ್ರಾಮ ಪಂಚಾಯಿತಿಗಳಲ್ಲಿ ಲೋಕ ಶಿಕ್ಷಣ ಕೇಂದ್ರಗಳು ಬಂದವು, ತಿಂಗಳಿಗೆ ಎರಡು ಸಾವಿರ ರೂಪಾಯಿ ಗೌರವಧನದ ಮೇಲೆ ಅವುಗಳನ್ನು ನಡೆಸುವ ಪ್ರೇರಕರು ಬಂದರು. 2018ರ ಮಾರ್ಚ್‌ಗೆ ಆ ಕಾರ್ಯಕ್ರಮ ನಿಂತಿತು. ನಮ್ಮ ಕಡೆ ಅದರ ಗುರುತಾಗಿ ಉಳಿದದ್ದು ಒಂದು ಕಬ್ಬಿಣದ ಬೀರು. ಅದರ ಬೀಗದ ಕೈ ಯಾರ ಹತ್ತಿರವೂ ಇಲ್ಲ. ಈಗಿನ ಕಾರ್ಯಕ್ರಮ 2022ರಲ್ಲಿ ಶುರುವಾದದ್ದು, ಹದಿನೈದು ವರ್ಷ ಮೇಲ್ಪಟ್ಟ ಎಲ್ಲರಿಗೂ ಅನ್ವಯಿಸುತ್ತದೆ. ಕೊನೆಯಲ್ಲಿ ಓದು, ಬರಹ, ಲೆಕ್ಕ ಎಂದು ತಲಾ ಐವತ್ತರಂತೆ 150 ಅಂಕಗಳ ಪರೀಕ್ಷೆ. ಒಂದು ಭಾನುವಾರ ನಮ್ಮೂರ ಶಾಲೆಯಲ್ಲಿ ಆ ಪರೀಕ್ಷೆ ನಡೆಯಿತು. ಮೊಮ್ಮಕ್ಕಳು ಕೂರುವ ಬೆಂಚಿನಲ್ಲಿ ಮೊಣಕಾಲು ಹಿಡಿಸದೆ ಓರೆಯಾಗಿ ಕುಳಿತು ನಮ್ಮ ಹನ್ನೊಂದು ಜನರೂ ಬರೆದರು. ಎಲ್ಲರೂ ಪಾಸಾದರು. ಪ್ರಮಾಣಪತ್ರ ಬಂದ ದಿನ ಒಬ್ಬರು ಅದನ್ನು ತಂದು ದೇವರ ಗೂಡಿನಲ್ಲಿ ಇಟ್ಟರು.

ಇಲ್ಲಿಯವರೆಗೆ ಎಲ್ಲವೂ ಚೆನ್ನಾಗಿತ್ತು. ನನ್ನ ದೂರು ಆರಂಭವಾಗುವುದು ಇದರ ನಂತರ.

ಪರೀಕ್ಷೆ ಮುಗಿದ ಎರಡನೆಯ ವಾರ ದೊಡ್ಡಮ್ಮ ಒಂದು ಮಡಿಸಿದ ಕಾಗದ ಹಿಡಿದು ನಮ್ಮ ಮನೆಗೆ ಬಂದರು. ಪಂಚಾಯಿತಿಗೆ ಮನೆ ಕಂದಾಯ ಕಟ್ಟಿದ ರಸೀದಿ. ಅದನ್ನು ಜಗಲಿಯ ಮೇಲೆ ಹರಡಿ, ಬೆರಳಿಟ್ಟು ಓದತೊಡಗಿದರು. ಮನೆ ಕಂದಾಯ 400. ಆರೋಗ್ಯ ಕರ 60. ಶಿಕ್ಷಣ ಕರ 40. ಅದರ ಕೆಳಗಿನ ಸಾಲಿನಲ್ಲಿ ತಡವರಿಸಿದರು. ‘ಗ… ಅದಕ್ಕೆ ರ ಒತ್ತು… ಸೊನ್ನೆ… ಗ್ರಂ… ಥಾ…’ ಥಕ್ಕೂ ಧಕ್ಕೂ ಇರುವ ವ್ಯತ್ಯಾಸ ಮನಸ್ಸಿಗೆ ಕೂರಲು ಅವರಿಗೆ ಒಂದು ವಾರ ಹಿಡಿದಿತ್ತು. ‘ಲ… ಯ… ಕ… ರ.’ ಆಮೇಲೆ ಒಟ್ಟಿಗೆ ಓದಿದರು: ಗ್ರಂಥಾಲಯ ಕರ, 24 ರೂಪಾಯಿ.

‘ಟೀಚರಮ್ಮ, ಗ್ರಂಥಾಲಯ ಎಂದರೆ ಆ ಪುಸ್ತಕದ ಮನೆ ಅಲ್ಲವೇ?’

‘ಹೌದು ದೊಡ್ಡಮ್ಮ.’

‘ಅದಕ್ಕೆ ನಾನೂ ದುಡ್ಡು ಕಟ್ಟುತ್ತಿದ್ದೇನೆಯೇ?’

‘ಪ್ರತಿ ವರ್ಷವೂ ಕಟ್ಟುತ್ತಿದ್ದೀರಿ.’

‘ಹಾಗಾದರೆ ಒಂದು ದಿನ ಹೋಗಿ ನೋಡಿಕೊಂಡು ಬರೋಣ.’

ಮುಂದಿನ ಮಂಗಳವಾರ ನಾವು ಐದು ಜನ ಹೋದೆವು. ದೊಡ್ಡಮ್ಮ ಜಾತ್ರೆಗೆ ಉಡುವ ಸೀರೆ ಉಟ್ಟಿದ್ದರು. ಕಟ್ಟಡದ ಮುಂದೆ ನಾಲ್ಕು ಎತ್ತರದ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇಲ್ಲ. ನನ್ನ ಭುಜ ಹಿಡಿದು ಒಬ್ಬೊಬ್ಬರೇ ಹತ್ತಿದರು. ಒಳಗಿದ್ದ ಕುರ್ಚಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಕುಳಿತಿದ್ದರು. ಅವರಲ್ಲಿ ಇಬ್ಬರು ಕೂಡಲೇ ಎದ್ದು ಜಾಗ ಕೊಟ್ಟರು ಎಂಬುದನ್ನು ಇಲ್ಲಿ ಹೇಳಲೇಬೇಕು. ಮೇಲ್ವಿಚಾರಕರು ಒರಟರಲ್ಲ, ಆದರೆ ಅವರಿಗೆ ನಮ್ಮನ್ನು ಏನು ಮಾಡಬೇಕೆಂದು ತೋಚಲಿಲ್ಲ. ‘ಹಿರಿಯರಿಗೆ ಎಂದು ಇಲ್ಲಿ ಏನೂ ಇಲ್ಲ ಮೇಡಂ. ಮಕ್ಕಳದ್ದು ಇದೆ, ಕಂಪ್ಯೂಟರ್ ಇದೆ, ಪರೀಕ್ಷೆಯ ಪುಸ್ತಕಗಳಿವೆ’ ಎಂದರು. ಕೈಗೆಟುಕುವ ಕಪಾಟಿನಲ್ಲಿದ್ದ ಒಂದೊಂದು ಪುಸ್ತಕದ ಅಕ್ಷರವೂ ಸಾಸಿವೆ ಕಾಳಿನಷ್ಟು ಚಿಕ್ಕದು.

ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಒಬ್ಬ ಪಂಚಾಯಿತಿ ಸದಸ್ಯರು ನಕ್ಕು ಹೇಳಿದರು: ‘ಈ ವಯಸ್ಸಿನಲ್ಲಿ ಓದಿ ಯಾವ ಕೆಲಸಕ್ಕೆ ಸೇರಬೇಕು ಅಜ್ಜಿ? ಮನೆಯಲ್ಲಿ ರಾಮಾ ಕೃಷ್ಣಾ ಎಂದುಕೊಂಡು ಇರಬಾರದೇ?’

ಅವರು ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು, ನನಗೆ ಗೊತ್ತು. ಮನೆಯ ಹಿರಿಯರ ಜೊತೆ ನಾವೆಲ್ಲ ಆಡುವ ಸಲಿಗೆಯ ಮಾತೇ. ಆದರೆ ದೊಡ್ಡಮ್ಮ ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿ, ಎಲ್ಲಿತ್ತೋ ಅಲ್ಲೇ ಇಟ್ಟುಬಿಟ್ಟರು. ದಾರಿಯುದ್ದಕ್ಕೂ ಒಂದು ಮಾತನ್ನೂ ಆಡಲಿಲ್ಲ. ನಮ್ಮ ಜೊತೆ ಬಂದಿದ್ದ ಇಬ್ಬರು ಅಂದಿನಿಂದ ಜಗಲಿಗೆ ಬರುವುದನ್ನೇ ನಿಲ್ಲಿಸಿದರು.

ಮಾನ್ಯರೇ, ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ನಾವು ಎಷ್ಟು ಸಲೀಸಾಗಿ ಹೇಳುತ್ತೇವೆ! ಹೇಳಿ ಹೇಳಿ, ಅರವತ್ತಾದವರೂ ಅದನ್ನೇ ನಂಬುತ್ತಾರೆ. ಆ ನಂಬಿಕೆ ಆಯುಸ್ಸಿನ ಜೊತೆಗೇ ತಳುಕು ಹಾಕಿಕೊಂಡಿದೆ ಎಂದು ಸಂಶೋಧನೆ ಹೇಳುತ್ತದೆ. ಅಮೆರಿಕದ ಒಹಾಯೊ ರಾಜ್ಯದ ಒಂದು ಪಟ್ಟಣದಲ್ಲಿ ಐವತ್ತು ದಾಟಿದ 660 ಜನರನ್ನು ಎರಡು ದಶಕಕ್ಕೂ ಹೆಚ್ಚು ಕಾಲ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇಟ್ಟುಕೊಂಡಿದ್ದವರು, ಹಾಗಿಲ್ಲದವರಿಗಿಂತ ಏಳೂವರೆ ವರ್ಷ ಹೆಚ್ಚು ಬದುಕಿದ್ದರು. ಅಷ್ಟು ದೂರ ಹೋಗುವುದೂ ಬೇಡ. ಡಾ. ಸುವರ್ಣಾ ಅಲ್ಲಾಡಿ ಅವರ ತಂಡ ಹೈದರಾಬಾದಿನಲ್ಲಿ ಮರೆವಿನ ಕಾಯಿಲೆಯ 648 ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ವರದಿ ಪ್ರಕಟಿಸಿತು. ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಶಾಲೆಯ ಮುಖ ನೋಡದವರಲ್ಲಿಯೂ ಹೀಗೆಯೇ ಇತ್ತು. ದುಡಿಸಿದ ಮೆದುಳು ಬೇಗ ಸೋಲುವುದಿಲ್ಲ ಎಂದು ನಾನು ಇದರಿಂದ ತಿಳಿಯುತ್ತೇನೆ. ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರರಲ್ಲಿಯೂ ವ್ಯಾಪಾರ ಮಾಡಿ ಬಂದ ನಮ್ಮ ಅಜ್ಜಿಯರಿಗೆ ಕಲಿಯುವ ಶಕ್ತಿ ಇಲ್ಲವೆಂದು ಹೇಳಲು ನಾವು ಯಾರು?

ಕಲಿಕೆ ಮನಸ್ಸಿಗೆ ಏನು ಮಾಡುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಗುಂಪಿನಲ್ಲಿ ಅರವತ್ತೊಂಬತ್ತು ವರ್ಷದ ಒಬ್ಬರು ಹೆಂಡತಿ ತೀರಿಕೊಂಡ ಮೇಲೆ ಮಾತು ಬಿಟ್ಟಿದ್ದರು. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಬೆಳಗಿನಿಂದ ಸಂಜೆಯವರೆಗೆ ಹಟ್ಟಿಯ ಮುಂದಿನ ಕಲ್ಲಿನ ಮೇಲೆ ಸುಮ್ಮನೆ ಕುಳಿತಿರುತ್ತಿದ್ದರು. ಮಗಳು ಫೋನಿನಲ್ಲಿ ಗೋಗರೆದದ್ದಕ್ಕೆ ತರಗತಿಗೆ ಬಂದವರು, ಮೊದಲ ತಿಂಗಳು ಬಾಯಿ ಬಿಡಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಈಗ ಅವರು ಬೆಳಿಗ್ಗೆ ಹೋಟೆಲಿನ ಪತ್ರಿಕೆ ತೆಗೆದುಕೊಂಡು ಅರಳಿಕಟ್ಟೆಯ ಮೇಲೆ ಕುಳಿತು ತಲೆಬರಹಗಳನ್ನು ಗಟ್ಟಿಯಾಗಿ ಓದುತ್ತಾರೆ. ಮಳೆಯ ಸುದ್ದಿ, ಕೊಬ್ಬರಿ ಧಾರಣೆ, ಸತ್ತವರ ಸುದ್ದಿ ಎಲ್ಲವನ್ನೂ. ತಪ್ಪಿದರೆ ಸುತ್ತ ಕುಳಿತವರು ತಿದ್ದುತ್ತಾರೆ, ಅವರು ಜಗಳಕ್ಕೆ ಬೀಳುತ್ತಾರೆ. ಆ ಜಗಳವನ್ನು ಕೇಳಿದಾಗ ನನಗೆ ಕಣ್ಣು ತುಂಬಿ ಬರುತ್ತದೆ.

ನನ್ನದೇ ಮಾತನ್ನೂ ಹೇಳುತ್ತೇನೆ. ನಿವೃತ್ತಿಯಾದ ಮೊದಲ ವರ್ಷ, ಒಂಬತ್ತು ಗಂಟೆಗೆ ಸೀರೆ ನೆರಿಗೆ ಹಿಡಿದು ಸಿದ್ಧಳಾಗಿ, ಹೋಗಲು ಎಲ್ಲಿಯೂ ಇಲ್ಲದೆ ಹಾಗೆಯೇ ಕುಳಿತ ದಿನಗಳಿವೆ. ಅರವತ್ತಮೂರರಲ್ಲಿ ಅಣ್ಣನ ಮೊಮ್ಮಗಳು ಕಂಪ್ಯೂಟರಿನಲ್ಲಿ ಕನ್ನಡ ಬೆರಳಚ್ಚು ಕಲಿಸಿದಳು. ಈ ಪತ್ರವನ್ನು ನಾನೇ ಬೆರಳಚ್ಚು ಮಾಡಿದ್ದೇನೆ.

ಇನ್ನು ಕಾನೂನಿನ ಮಾತು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂದದ್ದು 1965ರಲ್ಲಿ. ನೂರು ರೂಪಾಯಿ ಕಂದಾಯಕ್ಕೆ ಆರು ರೂಪಾಯಿಯಂತೆ ಗ್ರಂಥಾಲಯ ಕರ ವಸೂಲಾಗುತ್ತಿದೆ. ಕರ ಕಟ್ಟುವಾಗ ಯಾರೂ ವಯಸ್ಸು ಕೇಳುವುದಿಲ್ಲ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದ ಮೇಲೆ ನಿಜಕ್ಕೂ ಜೀವ ಪಡೆದವು. ಸುಣ್ಣ ಬಣ್ಣ ಕಂಡವು, ಅರಿವು ಕೇಂದ್ರಗಳಾದವು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಮಕ್ಕಳನ್ನು ಅಲ್ಲಿಗೆ ಕರೆತಂದಿತು. ಇದನ್ನೆಲ್ಲ ಮಾಡಿದ ನಿಮಗೆ ಶಿಕ್ಷಕಿಯಾಗಿ ನಾನು ಕೃತಜ್ಞಳು. ನವಭಾರತ ಸಾಕ್ಷರತಾ ಕಾರ್ಯಕ್ರಮದ ಐದು ಅಂಗಗಳಲ್ಲಿ ಕೊನೆಯದು ‘ನಿರಂತರ ಶಿಕ್ಷಣ’. ಕಾಗದದ ಮೇಲೆ ಅದು ಇದೆ. ಪರೀಕ್ಷೆ ಪಾಸಾದ ಅಜ್ಜಿ ಮಾರನೆಯ ದಿನ ಎಲ್ಲಿಗೆ ಹೋಗಬೇಕು, ಯಾವ ಪುಸ್ತಕ ಓದಬೇಕು, ಯಾರನ್ನು ಕೇಳಬೇಕು ಎಂಬುದಕ್ಕೆ ಮಾತ್ರ ಊರಿನಲ್ಲಿ ಉತ್ತರವಿಲ್ಲ. ಊರಿನ ಮಟ್ಟದಲ್ಲಿ ಆ ಉತ್ತರ ಕೊಡಬಲ್ಲವರು ನೀವು. ಕಟ್ಟಡ, ಕರದ ಹಣ, ಸಿಬ್ಬಂದಿ ಮೂರೂ ನಿಮ್ಮ ಕೈಯಲ್ಲಿವೆ.

ನೆರೆಯ ಕೇರಳದಲ್ಲಿ 2018ರಲ್ಲಿ ಕಾರ್ತ್ಯಾಯಿನಿ ಅಮ್ಮ ಎಂಬುವರು ತೊಂಬತ್ತಾರನೆಯ ವಯಸ್ಸಿನಲ್ಲಿ ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ 98 ಅಂಕ ಪಡೆದದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಕಂಪ್ಯೂಟರ್ ಕಲಿಯುವ ಆಸೆ ಎಂದರು, ಅಲ್ಲಿನ ಶಿಕ್ಷಣ ಸಚಿವರು ಲ್ಯಾಪ್‌ಟಾಪ್ ಕೊಟ್ಟರು. ಆ ಚಿತ್ರಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಇನ್ನೊಂದು: ಅಕ್ಷರ ಕಲಿತವರು ಅಲ್ಲಿ ನಾಲ್ಕನೆಯ ತರಗತಿ, ಏಳನೆಯ ತರಗತಿ, ಹತ್ತನೆಯ ತರಗತಿಯ ತತ್ಸಮಾನ ಪರೀಕ್ಷೆಗಳನ್ನು ಒಂದಾದ ಮೇಲೊಂದು ಬರೆಯಬಹುದು. ಮೆಟ್ಟಿಲು ಹತ್ತಿದವರಿಗೆ ಮುಂದಿನ ಮೆಟ್ಟಿಲು ಕಾಣುತ್ತದೆ.

ನಾನು ಕೇಳುತ್ತಿರುವುದು ಲ್ಯಾಪ್‌ಟಾಪ್ ಅಲ್ಲ. ವಾರದಲ್ಲಿ ಎರಡು ದಿನ, ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆ, ಗ್ರಂಥಾಲಯದಲ್ಲಿ ಹಿರಿಯರ ಸಮಯ ಎಂದು ಬೋರ್ಡು ಹಾಕಿಸಿ. ಊಟ ಮುಗಿದು, ಸಂಜೆಯ ಹಾಲು ಕರೆಯುವ ಮುಂಚಿನ ಆ ಹೊತ್ತು ಅವರದ್ದೇ. ಆ ಸಮಯಕ್ಕೆ ಮಕ್ಕಳು ಶಾಲೆಯಲ್ಲಿರುತ್ತಾರೆ, ಯಾರ ಜಾಗವನ್ನೂ ಯಾರೂ ಕಿತ್ತುಕೊಂಡಂತೆ ಆಗುವುದಿಲ್ಲ. ಮೆಟ್ಟಿಲಿಗೆ ಒಂದು ಕಂಬಿ ಕೂರಿಸಿ. ದಪ್ಪ ಅಕ್ಷರದ ಪುಸ್ತಕಗಳಿಗೆ ಒಂದು ಕಪಾಟು ಮೀಸಲಿಡಿ, ಅದೂ ಸೊಂಟದ ಎತ್ತರದಲ್ಲಿ.

ಕನ್ನಡಕದ ವಿಷಯವನ್ನು ಸ್ವಲ್ಪ ಒತ್ತಿ ಹೇಳಬೇಕು. ನಮ್ಮ ತರಗತಿಯಲ್ಲಿ ಮೊದಲ ವಾರ ಮೂವರು ‘ತಲೆಗೆ ಹತ್ತುವುದಿಲ್ಲ ಟೀಚರಮ್ಮ’ ಎಂದು ಎದ್ದು ಹೋಗಲು ಸಿದ್ಧರಾಗಿದ್ದರು. ಸಂಶಯ ಬಂದು ನನ್ನ ಕನ್ನಡಕವನ್ನು ಒಬ್ಬರ ಮೂಗಿನ ಮೇಲೆ ಇಟ್ಟೆ. ಅವರು ಪುಸ್ತಕ ನೋಡಿ, ಆಮೇಲೆ ತಮ್ಮ ಅಂಗೈ ನೋಡಿಕೊಂಡು, ‘ಅಯ್ಯೋ, ಗೆರೆಗಳು ಇನ್ನೂ ಇವೆ’ ಎಂದರು. ಎಷ್ಟೋ ವರ್ಷದಿಂದ ಅವರಿಗೆ ತಮ್ಮ ಕೈಯ ಗೆರೆ ಕಂಡಿರಲಿಲ್ಲ. ತಲೆಗೆ ಹತ್ತದ್ದಲ್ಲ, ಕಣ್ಣಿಗೆ ಕಂಡಿರಲಿಲ್ಲ ಅಷ್ಟೇ. ನಲವತ್ತು ದಾಟಿದ ಮೇಲೆ ಹತ್ತಿರದ ದೃಷ್ಟಿ ಮಸುಕಾಗುವುದು ಎಲ್ಲರಿಗೂ ಬರುವಂಥದ್ದು, ಸಾಮಾನ್ಯ ಓದುವ ಕನ್ನಡಕ ಸಾಕು. ಪ್ರತಿಯೊಂದು ಗ್ರಂಥಾಲಯದ ಮೇಜಿನ ಮೇಲೆ ಬೇರೆ ಬೇರೆ ಪವರಿನ ಆರು ಕನ್ನಡಕಗಳನ್ನು ಇಟ್ಟರೆ ಎಷ್ಟು ಖರ್ಚಾದೀತು? ಕಲಿಕೆ ಆರಂಭಿಸುವ ಮೊದಲು ಆರೋಗ್ಯ ಕೇಂದ್ರದವರನ್ನು ಕರೆಸಿ ಒಂದು ದಿನ ಕಣ್ಣು ಪರೀಕ್ಷೆ ಮಾಡಿಸಿದರೆ ಎಷ್ಟು ಜನ ಉಳಿದುಕೊಂಡಾರು? ದಯವಿಟ್ಟು ಯೋಚಿಸಿ.

ಮೊಬೈಲ್ ಕಲಿಸುವುದೂ ಈಗ ಅಕ್ಷರ ಕಲಿಸಿದಷ್ಟೇ ಅಗತ್ಯ. ಸಂಧ್ಯಾ ಸುರಕ್ಷಾ ಹಣ ಖಾತೆಗೆ ಬಂತೇ ಎಂದು ತಿಳಿಯಲು ನಮ್ಮವರು ಮೆಸೇಜನ್ನು ಯಾರಿಗೋ ತೋರಿಸುತ್ತಾರೆ, ಹಾಗೆ ತೋರಿಸುವಾಗ ಓಟಿಪಿಯನ್ನೂ ತೋರಿಸಿಬಿಡುತ್ತಾರೆ. ಅರಿವು ಕೇಂದ್ರಕ್ಕೆ ಬರುವ ಕಾಲೇಜು ಮಕ್ಕಳು ವಾರಕ್ಕೊಂದು ಗಂಟೆ ಇದನ್ನು ಕಲಿಸಬಹುದು. ಪ್ರತಿಯಾಗಿ ಹಿರಿಯರು ಅವರಿಗೆ ಸೋಬಾನೆ ಪದ, ನಾಟಿ ಬಿತ್ತನೆ ಬೀಜದ ಗುರುತು, ಮಳೆ ನಕ್ಷತ್ರದ ಲೆಕ್ಕ ಹೇಳಿಕೊಡಬಹುದು. ಸುಮ್ಮನೆ ಕುಳಿತು ಪಡೆಯುವವರಾಗಿ ಅಲ್ಲದೆ ಕೊಡುವವರಾಗಿಯೂ ಅವರನ್ನು ಗ್ರಂಥಾಲಯಕ್ಕೆ ಕರೆಯಿರಿ. ಮಕ್ಕಳ ಗ್ರಾಮ ಸಭೆ, ಮಹಿಳಾ ಗ್ರಾಮ ಸಭೆ ನಡೆಸುವ ನೀವು, ವರ್ಷಕ್ಕೊಮ್ಮೆ ಹಿರಿಯರನ್ನೂ ಕೂರಿಸಿಕೊಂಡು ಅವರಿಗೆ ಏನು ಕಲಿಯಬೇಕೆಂದಿದೆ ಎಂದು ಕೇಳಿ. ಗ್ರಂಥಾಲಯ ಕರ ಎಷ್ಟು ವಸೂಲಾಯಿತು, ಅದರಲ್ಲಿ ಗ್ರಂಥಾಲಯಕ್ಕೆ ಎಷ್ಟು ಖರ್ಚಾಯಿತು ಎಂಬ ಲೆಕ್ಕವನ್ನು ಗ್ರಾಮ ಸಭೆಯಲ್ಲಿ ಓದಿ ಹೇಳಿ.

ಈ ಹೊರೆಯನ್ನೆಲ್ಲ ಮೇಲ್ವಿಚಾರಕರ ತಲೆಗೆ ಕಟ್ಟಬೇಡಿ ಎಂಬುದೂ ನನ್ನ ಬಿನ್ನಹ. ಒಬ್ಬರೇ ಬಾಗಿಲು ತೆರೆದು, ಕಸ ಗುಡಿಸಿ, ಮಕ್ಕಳನ್ನು ನೋಡಿಕೊಂಡು, ವರದಿ ಬರೆಯುತ್ತಾರೆ. ನಮ್ಮಂಥ ನಿವೃತ್ತರು ಪ್ರತಿ ಊರಿನಲ್ಲಿಯೂ ಇದ್ದೇವೆ. ಕರೆದರೆ ಬರುತ್ತೇವೆ. ನಮಗೆ ಗೌರವಧನ ಬೇಡ, ಬೀಗದ ಕೈ ಕೊಟ್ಟರೆ ಸಾಕು.

ದೊಡ್ಡಮ್ಮ ಅಂದಿನಿಂದ ಗ್ರಂಥಾಲಯಕ್ಕೆ ಹೋಗಿಲ್ಲ. ಒಮ್ಮೆ ಕಲಿತು ಮರೆತವರು, ಮೂವತ್ತು ವರ್ಷ ಕಾದು ಮತ್ತೆ ಕಲಿತಿದ್ದಾರೆ. ಈಗ ಮತ್ತೊಮ್ಮೆ ಮರೆತರೆ, ಮೂರನೆಯ ಸಲ ಕಲಿಯಲು ಅವರಿಗೆ ಇನ್ನು ಮೂವತ್ತು ವರ್ಷವಿಲ್ಲ. ಅದಕ್ಕಾಗಿಯೇ ನನಗೆ ಈ ಅವಸರ.

ಮುಂದಿನ ಗ್ರಾಮ ಸಭೆಗೆ ನಮ್ಮ ಹನ್ನೊಂದು ಜನರೂ ಬರಬೇಕೆಂದು ಕೇಳಿಕೊಂಡಿದ್ದೇನೆ. ತರಗತಿ ಬಿಟ್ಟ ಇಬ್ಬರ ಮನೆಗೂ ಹೋಗಿ ಬಂದೆ. ಒಬ್ಬರು ಒಪ್ಪಿದ್ದಾರೆ. ಅಲ್ಲಿ ಕೊಡುವ ಅರ್ಜಿಯನ್ನು ನಾನು ಬರೆಯುತ್ತೇನೆ ಎಂದಾಗ ದೊಡ್ಡಮ್ಮ ಒಪ್ಪಲಿಲ್ಲ, ಮೂರು ದಿನದಿಂದ ತಾವೇ ಬರೆಯುತ್ತಿದ್ದಾರೆ. ಈವರೆಗೆ ನಾಲ್ಕು ಸಾಲು ಆಗಿದೆ. ಮೊದಲ ಸಾಲಿನಲ್ಲಿ ‘ಗ್ರಂಥಾಲಯ’ ಎಂದು ಒಂದೂ ತಪ್ಪಿಲ್ಲದೆ ಬರೆದಿದ್ದಾರೆ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ
ತುಮಕೂರು ಜಿಲ್ಲೆ